ಯೋಕೋಹಾಮಾ ಹಳೇ ಬಂದರಿಗೆ ಮಧ್ಯಾಹ್ನದ ಮೇಲೆ ಹೋಗಿ

ಟೋಕಿಯೋಗೆ ಹೋಗುವವರು ಯೋಕೋಹಾಮಾಗೂ ಅರ್ಧ ದಿನ ಇಟ್ಟುಕೊಳ್ಳಿ. ಆದರೆ ಬೆಳಿಗ್ಗೆ ಬೇಡ. ಮಧ್ಯಾಹ್ನ ಮೂರರ ಸುಮಾರಿಗೆ ಸಕುರಾಗಿಚೋ ಸ್ಟೇಷನ್‌ನಲ್ಲಿ ಇಳಿದರೆ ಬೆಳಕಿರುವಾಗ ಬಂದರು, ಕತ್ತಲಾದ ಮೇಲೆ ದೀಪ, ಎರಡೂ ಸಿಗುತ್ತವೆ. ಚಳಿಗಾಲವಾದರೆ ಇನ್ನೂ ಒಂದು ಗಂಟೆ ಮುಂಚೆ ಹೋಗಿ, ನಾಲ್ಕೂವರೆಗೆಲ್ಲಾ ಸೂರ್ಯ ಮುಳುಗುತ್ತಾನೆ.

ಟೋಕಿಯೋ ಸ್ಟೇಷನ್‌ನಿಂದ ಕೆಯ್ಹಿನ್-ತೊಹೊಕು ಲೈನ್‌ನಲ್ಲಿ ಮುಕ್ಕಾಲು ಗಂಟೆ ಸಾಕು. ಹತ್ತುವ ಮುಂಚೆ ಬೋರ್ಡ್ ನೋಡಿ, ಕೆಲವು ರೈಲು ದಾರಿ ಮಧ್ಯದ ಕಮಾತಾ ಸ್ಟೇಷನ್‌ನಲ್ಲೇ ನಿಂತುಬಿಡುತ್ತವೆ.

ಸಕುರಾಗಿಚೋದಲ್ಲಿ ಇಳಿದರೆ ಎದುರಿಗೆ ಕಾಣುವ ಜಾಗದ ಹೆಸರು ಮಿನಾತೊ ಮಿರಾಯ್. ಮೊದಲು ಇಲ್ಲಿ ಮಿತ್ಸುಬಿಷಿಯ ಹಡಗು ಕಟ್ಟುವ ಯಾರ್ಡ್ ಇತ್ತು. ಅದನ್ನು ಬೇರೆ ಕಡೆಗೆ ಸಾಗಿಸಿ 1983ರಲ್ಲಿ ಹೊಸ ಬಡಾವಣೆ ಕೆಲಸ ಶುರು ಮಾಡಿದರು. ಎಲ್ಲವನ್ನೂ ಕೆಡವಿ ಸುಮ್ನೆ ಮಾಲ್ ಕಟ್ಟಿದ್ದರೆ ಹೋಗಿ ಅಂತ ಹೇಳುತ್ತಿರಲಿಲ್ಲ. ಮಾಲ್ ನೋಡೋಕೆ ಜಪಾನಿಗೆ ಯಾಕೆ ಹೋಗಬೇಕು, ಅಲ್ವಾ?

ಅದಕ್ಕೇ ಮೊದಲು ಲ್ಯಾಂಡ್‌ಮಾರ್ಕ್ ಟವರ್ ಎಂಬ ಗಗನಚುಂಬಿ ಕಟ್ಟಡದ ಬುಡದ ಡಾಕ್‌ಯಾರ್ಡ್ ಗಾರ್ಡನ್‌ಗೆ ಇಳಿಯಿರಿ. ಟಿಕೆಟ್ ಇಲ್ಲ. ಇದು ಹಡಗು ರಿಪೇರಿಗೆ ಅಂತ 19ನೇ ಶತಮಾನದಲ್ಲಿ ಕಟ್ಟಿದ ಡಾಕ್. ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರು ಖಾಲಿ ಮಾಡುತ್ತಿದ್ದರು. ಅದರ ಕಲ್ಲುಗಳನ್ನು ಬಿಚ್ಚಿ ಮತ್ತೆ ಜೋಡಿಸಿದ್ದಾರೆ. ತಳದಲ್ಲಿ ನಿಂತು ಮೇಲೆ ನೋಡಿ. ಗೋಡೆ ನೇರವಾಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಅಗಲವಾಗುತ್ತದೆ. ಎರಡೂ ಕಡೆ ಕಣ್ಣಾಡಿಸಿದರೆ ಹಡಗಿನ ಹೊಟ್ಟೆ ಎಲ್ಲಿ ಕೂರುತ್ತಿತ್ತು ಅಂತ ಗೊತ್ತಾಗುತ್ತದೆ. ಪಕ್ಕದ ಇನ್ನೊಂದು ಡಾಕ್‌ನಲ್ಲಿ ನೀರಿದೆ, ಅದರಲ್ಲಿ 1930ರ ಹಾಯಿಹಡಗು ನಿಪ್ಪೋನ್ ಮಾರು ನಿಂತಿದೆ.

ಅಲ್ಲಿಂದ ಕೇಬಲ್ ಕಾರ್ ಇದೆ, ಒಂದು ಕಡೆಗೆ 1000 ಯೆನ್, ಐದೇ ನಿಮಿಷ. ಮಕ್ಕಳು ಹಟ ಮಾಡಿದರೆ ಹತ್ತಿಸಿ. ಇಲ್ಲದಿದ್ದರೆ ಕಿಶಾಮಿಚಿಯಲ್ಲಿ ನಡೆಯುವುದೇ ಚೆಂದ. ಬಂದರಿಗೆ ಸರಕು ಸಾಗಿಸುತ್ತಿದ್ದ ಗೂಡ್ಸ್ ರೈಲಿನ ದಾರಿ ಅದು. ಹಳಿಗಳನ್ನು ಕೀಳದೆ ನೆಲಕ್ಕೆ ಸಮವಾಗಿ ಬಿಟ್ಟಿದ್ದಾರೆ, ಕಬ್ಬಿಣದ ಸೇತುವೆಗಳೂ ಹಾಗೇ ಇವೆ.

ದಾರಿ ಹಿಡಿದು ಹೋದರೆ ಕೆಂಪು ಇಟ್ಟಿಗೆಯ ಎರಡು ಗೋದಾಮು ಕಾಣುತ್ತವೆ. 1911 ಮತ್ತು 1913ರವು, ಕಸ್ಟಮ್ಸ್ ಸರಕಿಗೆ ಕಟ್ಟಿದ್ದು. ಒಂದು ಉದ್ದ, ಇನ್ನೊಂದು ಗಿಡ್ಡ. 1923ರ ಭೂಕಂಪದಲ್ಲಿ ಗಿಡ್ಡದ್ದರ ಅರ್ಧ ಭಾಗ ಕುಸಿಯಿತು. 2002ರಿಂದ ಒಳಗೆಲ್ಲಾ ಅಂಗಡಿ, ಹೋಟೆಲ್. ಸಾಮಾನು ದುಬಾರಿ. ನನಗೆ ಇಷ್ಟವಾಗಿದ್ದು ದಪ್ಪ ಕಬ್ಬಿಣದ ಬಾಗಿಲುಗಳು. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಮಾರ್ಕೆಟ್ ಇರುತ್ತದೆ, ಜನ ಜಾಸ್ತಿ. ಶನಿವಾರ, ಭಾನುವಾರ ತಪ್ಪಿಸಿ.

ಸಸ್ಯಾಹಾರಿಗಳು ಇಲ್ಲಿ ಊಟದ ಆಸೆ ಇಟ್ಟುಕೊಳ್ಳಬೇಡಿ. ತರಕಾರಿ ಸೂಪ್ ಅಂದರೂ ಅದರಲ್ಲಿ ಮೀನಿನ ರಸ ಇರುವುದೇ ಹೆಚ್ಚು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಉಮೆಬೋಶಿ (ಉಪ್ಪು ಹಾಕಿದ ಹುಳಿ ಹಣ್ಣು) ತುಂಬಿದ ಒನಿಗಿರಿ, ಅಂದರೆ ಅನ್ನದ ಉಂಡೆ, ಮತ್ತು ಹಣ್ಣು ಕೊಂಡು ಚೀಲದಲ್ಲಿಟ್ಟುಕೊಳ್ಳಿ, ಅದರ ಮೇಲಿನ ಸಾಮಗ್ರಿ ಪಟ್ಟಿಯನ್ನು ಫೋನಿನಲ್ಲಿ ಅನುವಾದ ಮಾಡಿ ನೋಡಿ. ಕಸ ಹಾಕಲು ಒಂದು ಕವರ್ ಕೂಡ. ಕಸದ ಡಬ್ಬಿ ಸುಲಭಕ್ಕೆ ಸಿಗುವುದಿಲ್ಲ.

ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಒಸಾನ್‌ಬಾಶಿಯಲ್ಲಿರಿ. ಪ್ರಯಾಣಿಕರ ಹಡಗು ನಿಲ್ಲುವ ಕಟ್ಟೆ ಅದು, ಆದರೆ ಇಡೀ ಚಾವಣಿಯೇ ಮರದ ಹಲಗೆಯ ಉಬ್ಬುತಗ್ಗಿನ ಬಯಲು. ರಾತ್ರಿಯೂ ತೆರೆದಿರುತ್ತದೆ, ಪುಕ್ಕಟೆ. ಗೋಪುರಗಳು, ಜಯಂಟ್ ವೀಲ್, ಇಟ್ಟಿಗೆ ಗೋದಾಮು ಎಲ್ಲಾ ಒಂದೇ ಸಾಲಿನಲ್ಲಿ ಕಾಣುತ್ತವೆ. ದುಡ್ಡು ಕೊಟ್ಟು ಗೋಪುರ ಹತ್ತಿದರೆ ಆ ಗೋಪುರವೇ ಕಾಣುವುದಿಲ್ಲವಲ್ಲ! ಗಾಳಿ ಮಾತ್ರ ಜೋರು, ಜಾಕೆಟ್ ಬೇಕೇ ಬೇಕು.

ಶಕ್ತಿ ಉಳಿದಿದ್ದರೆ ಯಾಮಾಶಿತಾ ಪಾರ್ಕ್‌ವರೆಗೆ ನಡೆಯಿರಿ. ಭೂಕಂಪದ ಅವಶೇಷಗಳನ್ನು ಸಮುದ್ರಕ್ಕೆ ತುಂಬಿ ಮಾಡಿದ ಪಾರ್ಕ್ ಅದು. ಶುರುವಿನಲ್ಲೇ ಗುಮ್ಮಟದ ಪುಟ್ಟ ಮಂಟಪವಿದೆ. ಭೂಕಂಪದ ಸಮಯದಲ್ಲಿ ಊರಿನವರು ಮಾಡಿದ ಸಹಾಯಕ್ಕೆ ಇಲ್ಲಿನ ಭಾರತೀಯರು ಕಟ್ಟಿಸಿಕೊಟ್ಟ ನೀರಿನ ಕಟ್ಟೆ. ಒಳಗೆ ತಲೆಯೆತ್ತಿ ನೋಡಿ, ಮೊಸಾಯಿಕ್ ಚೆನ್ನಾಗಿದೆ. ವಾಪಸ್ ಸಕುರಾಗಿಚೋಗೆ ನಡೆಯಬೇಡಿ. ಪಾರ್ಕಿನ ಆ ತುದಿಯ ಹತ್ತಿರವೇ ಮೊತೊಮಾಚಿ-ಚೂಕಗಾಯ್ ಸ್ಟೇಷನ್. ಟೋಕಿಯೋದ ಶಿಬುಯಾಗೆ ನೇರ ರೈಲಿದೆ, ಅಲ್ಲಿಂದಲೇ ಹೊರಡುವುದರಿಂದ ಕೂರಲು ಸೀಟೂ ಸಿಗುತ್ತದೆ.