ಇಟ್ ಬ್ಲೆಸ್ಸೆತ್‌ನಿಂದ ಮುಂದಕ್ಕೆ ನಾನು ಕಲಿಸಿರಲಿಲ್ಲ

ಮೂರು ವರ್ಷವಾಯಿತು. ಆದರೂ ಹತ್ತನೇ ಕ್ಲಾಸಿನ ಪ್ರಿಪರೇಟರಿ ಪರೀಕ್ಷೆಯ ಟೈಮ್‌ಟೇಬಲ್ ಗೋಡೆಗೆ ಅಂಟಿಸುವಾಗೆಲ್ಲ ಆ ಹುಡುಗಿ ಕೂತಿದ್ದ ಬೆಂಚು ಕಣ್ಮುಂದೆ ಬರುತ್ತದೆ. ಕಿಟಕಿ ಪಕ್ಕ, ಮೂರನೇ ಸಾಲು.

ನಾನು ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಆಗ 80ಕ್ಕೆ 28 ಬಂದರೆ ಪಾಸು. ದಸರಾ ರಜೆ ಮುಗಿದರೆ ಸಾಕು, ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಆ 28ರ ಮಾತೇ. ಮಕ್ಕಳನ್ನು ಮಾರ್ಕಿನ ಮೇಲೆ ಗುಂಪು ಮಾಡುವ ಎ, ಬಿ, ಸಿ ಪಟ್ಟಿ (ಸಿ ಅಂದರೆ ಫೇಲಾಗಬಹುದಾದವರು), ಒಬ್ಬೊಬ್ಬ ಟೀಚರ್ ಹೊಣೆಗೆ ಬಿಟ್ಟ ದತ್ತು ಮಕ್ಕಳು, ಅವರನ್ನು ಓದಲು ಎಬ್ಬಿಸಲು ಬೆಳಗ್ಗೆ 5ಕ್ಕೆ ವೇಕಪ್ ಕಾಲ್, ಶನಿವಾರ ಬಂತೆಂದರೆ ಮೇಲಿನವರಿಗೆ ಗೂಗಲ್ ಶೀಟ್. ಆ ಶೀಟಿನಲ್ಲಿ ಎಷ್ಟು ಮಕ್ಕಳು ಸಿ ಇಂದ ಬಿ ಗೆ ಬಂದರು ಅಂತ ಕೇಳುತ್ತಾರೆ. ಮಗುವಿಗೆ ಏನು ಅರ್ಥವಾಯಿತು ಅಂತ ಬರೆಯಲು ಜಾಗವೇ ಇಲ್ಲ. ನನಗೆ ಈಗಲೂ ಇದಕ್ಕೆ ಸಿಟ್ಟಿದೆ.

ಆದರೆ ಆ ವರ್ಷದ ತಪ್ಪು ಶೀಟಿನದಲ್ಲ, ನನ್ನದು.

ಸುತ್ತಮುತ್ತಲಿನ ಐದಾರು ಶಾಲೆಯ ಇಂಗ್ಲಿಷ್ ಟೀಚರುಗಳು ಸೇರಿ ಪಾಸಿಂಗ್ ಪ್ಯಾಕೇಜ್ ಮಾಡಿದೆವು, ಅಂದರೆ ಪಾಸಾಗಲು ಸಾಕಾಗುವಷ್ಟು ನೋಟ್ಸ್. ಒಬ್ಬರು ಲೆಟರ್, ಒಬ್ಬರು ಪ್ರೊಫೈಲ್, ಇನ್ನೊಬ್ಬರು ಗ್ರಾಮರ್. ಪದ್ಯದ ಪುಟ ಟೈಪ್ ಮಾಡಿದ್ದು ನಾನು. ಕೋಟ್ ಫ್ರಮ್ ಮೆಮರಿ ಅನ್ನುವ ಪ್ರಶ್ನೆಗೆ 4 ಮಾರ್ಕು, ಪದ್ಯದ ನಾಲ್ಕು ಸಾಲು ನೆನಪಿನಿಂದ ಬರೆಯಬೇಕು. ಶೇಕ್ಸ್‌ಪಿಯರ್‌ನ ‘ಕ್ವಾಲಿಟಿ ಆಫ್ ಮರ್ಸಿ’ಯ ಮೊದಲ ನಾಲ್ಕು ಸಾಲು ಹಾಕಿ ಅಲ್ಲಿಗೇ ನಿಲ್ಲಿಸಿದೆ. ಸಿ ಗುಂಪಿಗೆ ಇಷ್ಟು ಸಾಕು, ಜಾಸ್ತಿ ಕೊಟ್ಟರೆ ಇದೂ ಕೈಬಿಟ್ಟು ಹೋಗುತ್ತದೆ ಎಂದುಕೊಂಡೆ.

ಆ ಹುಡುಗಿ ಸಿ ಗುಂಪಿನವಳು. ಬೆಳಗ್ಗೆ ಅಮ್ಮನ ಜೊತೆ ಹೂವು ಬಿಡಿಸಿ, ಆಮೇಲೆ ಶಾಲೆಗೆ ಬರುತ್ತಿದ್ದಳು. ಅವಳ ನೋಟ್ಸಿನಲ್ಲಿ ಪ್ರತಿ ಇಂಗ್ಲಿಷ್ ಸಾಲಿನ ಕೆಳಗೂ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರ ಇರುತ್ತಿತ್ತು. ದಿ ಕ್ವಾಲಿಟಿ ಆಫ್ ಮರ್ಸಿ ಈಸ್ ನಾಟ್ ಸ್ಟ್ರೇನ್ಡ್. ಡಿಸೆಂಬರ್‌ನಲ್ಲಿ ಒಂದು ಸಂಜೆ ಸ್ಪೆಷಲ್ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದಳು.

“ಮಿಸ್, ಸ್ಟ್ರೇನ್ಡ್ ಅಂದ್ರೆ ಸೋಸೋದು ಅಂತ ಡಿಕ್ಷನರೀಲಿದೆ. ಟೀ ಸೋಸ್ತೀವಲ್ಲ, ಅದಾ?”

ಡಿಕ್ಷನರಿ ತೆಗೆದು ನೋಡಿದ್ದಳು. ಸಿ ಗುಂಪಿನ ಮಗು, ತಾನಾಗೇ. ನಾನು ಏನು ಹೇಳಿದೆ ಗೊತ್ತಾ? “ಈಗ ಅರ್ಥ ಬೇಡಮ್ಮ. ಬಾಯಿಪಾಠ ಮಾಡು, 4 ಮಾರ್ಕು ಗ್ಯಾರಂಟಿ.” ಅವಳು ಕೂತಳು. ಮತ್ತೆ ಕೇಳಲಿಲ್ಲ.

ಜನವರಿಯಲ್ಲಿ ಪ್ರಿಪರೇಟರಿ. ಇಬ್ಬರು ಟ್ರೈನಿಂಗಿಗೆ ಹೋಗಿದ್ದರಿಂದ ನನಗೇ ರೂಮ್ ಡ್ಯೂಟಿ ಬಿತ್ತು. ಪ್ರಶ್ನೆಪತ್ರಿಕೆ ಹಂಚಿ ನಾನೂ ಒಂದು ತೆಗೆದುಕೊಂಡು ನೋಡಿದೆ. ಕೋಟ್ ಫ್ರಮ್ ಮೆಮರಿಯಲ್ಲಿ ಶುರು ‘ಇಟ್ ಬ್ಲೆಸ್ಸೆತ್’, ಕೊನೆ ‘ಪವರ್’. ನಡುವೆ ಚುಕ್ಕಿಗಳು. ಅಂದರೆ ನಾಲ್ಕನೇ ಸಾಲಿಂದ ಏಳನೇ ಸಾಲಿನವರೆಗೆ. ನನ್ನ ಪುಟ ಮುಗಿಯುವ ಕಡೆಯಿಂದ ಪ್ರಶ್ನೆ ಶುರುವಾಗುತ್ತಿತ್ತು. ‘ಅಥವಾ’ದಲ್ಲಿದ್ದ ಪದ್ಯ ಪ್ಯಾಕೇಜಿನಲ್ಲೇ ಇರಲಿಲ್ಲ.

ಕೈಕಾಲು ತಣ್ಣಗಾಯಿತು.

ರೂಮಿನಲ್ಲಿ ಓಡಾಡುತ್ತ ಅವಳ ಬೆಂಚಿನ ಹತ್ತಿರ ನಿಂತೆ. ಆ ಪ್ರಶ್ನೆಗೆ ಬಂದಿದ್ದಳು. ಮೊದಲು ‘ಇಟ್’ ನೋಡಿ ‘ಇಟ್ ಡ್ರಾಪೆತ್’ ಅಂತ ಬರೆದಳು. ಎರಡನೇ ಸಾಲೂ ‘ಇಟ್’ನಿಂದಲೇ ಶುರುವಾಗುತ್ತದೆ, ಅವಳಿಗೆ ಅದೇ ಬಂತು. ಆಮೇಲೆ ಪ್ರಶ್ನೆಯಲ್ಲಿ ಬ್ಲೆಸ್ಸೆತ್ ಇದೆ ಅಂತ ಗಮನಿಸಿ ಹೊಡೆದು ಹಾಕಿದಳು. ಪೆನ್ನು ಕೆಳಗಿಟ್ಟಳು. ತುಟಿ ಅಲ್ಲಾಡತೊಡಗಿತು. ಮೇಲಿಂದ ಹೇಳಿಕೊಂಡು ಬರುತ್ತಿದ್ದಾಳೆ ಅಂತ ಗೊತ್ತಾಯಿತು. ನಾಲ್ಕನೇ ಸಾಲಿಗೆ ಬಂದಳು, ಬರೆದಳು. ಒಂದಕ್ಷರ ತಪ್ಪಿಲ್ಲ. ‘ಹಿಮ್ ದಟ್ ಟೇಕ್ಸ್’ ಆದ ಮೇಲೆ ತುಟಿ ನಿಂತಿತು.

ಮತ್ತೆ ಮೇಲಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಳು. ಮೂರನೇ ಸಲ ನನ್ನ ಕಡೆ ನೋಡಿದಳು. ಮರೆತುಹೋಯಿತು ಅಂತ ಅವಳ ಮುಖದಲ್ಲಿ ಗಾಬರಿ. ಮರೆತಿರಲಿಲ್ಲ, ಮುಂದಿನದನ್ನು ನಾನು ಕೊಟ್ಟೇ ಇರಲಿಲ್ಲ. ಹೇಳೋಣ ಅಂದರೆ ಪರೀಕ್ಷೆ. ಇನ್ನೊಂದು ಬೆಂಚಿನ ಕಡೆ ಹೋದೆ. ಕೊನೆಗೆ ಅವಳು ಮೊದಲ ಮೂರು ಸಾಲನ್ನೇ ನಾಲ್ಕನೇ ಸಾಲಿನ ಕೆಳಗೆ ಬರೆದಳು. ಲೆಕ್ಕಕ್ಕೆ ನಾಲ್ಕು ಸಾಲಾಯಿತು. ಅಷ್ಟರಲ್ಲಿ ಟೈಮು ಹೋಗಿತ್ತು. ಲೆಟರ್ ಕೊನೇ ಪ್ರಶ್ನೆ, 5 ಮಾರ್ಕು. ‘ಫ್ರಮ್’ ಹಾಕಿ ವಿಳಾಸ ಬರೆಯುವಾಗ ಬೆಲ್ಲಾಯಿತು.

26 ಬಂತು.

ಎಚ್‌ಎಂ ಸರ್ ಪೇಪರ್ ನೋಡಿ, “ಎರಡೇ ಮಾರ್ಕು ಅಲ್ವಾ ಮೇಡಂ, ಹಾಕ್ಬಿಡಿ. ಶೀಟಲ್ಲಿ ಒಂದು ಫೇಲ್ ಕಡಿಮೆಯಾಗುತ್ತೆ” ಅಂದರು. ಕೆಟ್ಟ ಮನುಷ್ಯರಲ್ಲ, ಅವರ ಮೇಲೂ ಒತ್ತಡ ಇತ್ತು. ನಾನು ಹಾಕಲಿಲ್ಲ. ಹಾಕಿಬಿಟ್ಟಿದ್ದರೆ ಅವಳಿಗೆ ಆ ಪದ್ಯ ಮತ್ತೆ ಕಲಿಸುತ್ತಿರಲಿಲ್ಲ ಅಂತ ನನಗೇ ಗೊತ್ತಿತ್ತು.

ಮಾರನೇ ದಿನ ಸಿ ಗುಂಪಿನ 11 ಮಕ್ಕಳನ್ನು ಕೂರಿಸಿಕೊಂಡೆ. ನೋಟ್ಸ್ ಮುಚ್ಚಿಸಿ ಕಥೆ ಹೇಳಿದೆ. ವೆನಿಸ್, ಆಂಟೋನಿಯೊ ಮಾಡಿದ ಸಾಲ, ತೀರಿಸದಿದ್ದರೆ ಮೈಯಿಂದ ಒಂದು ಪೌಂಡ್ ಮಾಂಸ ಕೊಡಬೇಕು ಅನ್ನುವ ಪತ್ರ, ವಕೀಲರ ವೇಷದಲ್ಲಿ ಕೋರ್ಟಿಗೆ ಬರುವ ಪೋರ್ಷಿಯಾ. ಅವಳು ದಯೆ ತೋರಿಸಬೇಕು ಅನ್ನುತ್ತಾಳೆ. ಸಾಲ ಕೊಟ್ಟ ಶೈಲಾಕ್, ಏನು ಬಲವಂತ ಇದೆ ನನಗೆ, ಹೇಳು ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವೇ ನಮ್ಮ ಪದ್ಯದ ಮೊದಲ ಸಾಲು. ಸ್ಟ್ರೇನ್ಡ್ ಅಂದರೆ ಇಲ್ಲಿ ಬಲವಂತ ಮಾಡಿದ್ದು. ದಯೆ ಬಲವಂತದಿಂದ ಬರುವುದಲ್ಲ. ಎರಡನೇ ಸಾಲಿನಲ್ಲಿ ಕವಿ ಅದನ್ನು ಆಕಾಶದಿಂದ ಬೀಳುವ ಮಳೆಗೆ ಹೋಲಿಸುತ್ತಾನೆ.

ಅವಳು ತಕ್ಷಣ ಅಂದಳು. “ಅದಕ್ಕೇ ಮಳೆ ಅಂದಿದಾನಾ ಮಿಸ್? ಬಾ ಅಂದ್ರೆ ಬರಲ್ಲ, ಅದಾಗೇ ಬರಬೇಕು.”

ಬೋರ್‌ವೆಲ್ ಬತ್ತಿದ ಊರಿನ ಮಗು ಅದು. ನಾನು 14 ವರ್ಷದಿಂದ ಆ ಸಾಲು ಪಾಠ ಮಾಡಿದ್ದೆ, ಒಮ್ಮೆಯೂ ಅಷ್ಟು ಸರಳವಾಗಿ ಹೇಳಿರಲಿಲ್ಲ.

ಆಮೇಲೆ ಉಳಿದದ್ದು ಜಾರಿಕೊಂಡು ಬಂತು. ಮಳೆ ಕೆಳಗೆ ಬೀಳುತ್ತದೆ. ಕೊಟ್ಟವನಿಗೂ ಒಳ್ಳೆಯದು, ತಗೊಂಡವನಿಗೂ ಒಳ್ಳೆಯದು. ಬಲ ಇರುವವನಲ್ಲಿ ಇದ್ದರೆ ಅದರ ಬಲ ಇನ್ನೂ ಜಾಸ್ತಿ. ಸಿಂಹಾಸನದ ರಾಜನಿಗೆ ಕಿರೀಟಕ್ಕಿಂತ ಅದೇ ಚೆಂದ. ಕೈಯಲ್ಲಿರುವ ದಂಡ ತೋರಿಸುವುದು ಈ ಲೋಕದ ಅಧಿಕಾರ ಮಾತ್ರ. ಈ ಪದ್ಯದಲ್ಲಿ ಸಾಲು ಮುಗಿದ ಕಡೆ ಮಾತು ಮುಗಿಯುವುದಿಲ್ಲ. ‘ಇಟ್ ಬಿಕಮ್ಸ್’ ಅಂತ ಒಂದು ಸಾಲು ನಿಲ್ಲುತ್ತದೆ, ರಾಜ ಮುಂದಿನ ಸಾಲಿನಲ್ಲಿ ಬರುತ್ತಾನೆ. ಬರೀ ಬಾಯಿಪಾಠ ಮಾಡಿದ ಮಗು ಎಡವುವುದು ಅಲ್ಲೇ. ಯಾರಿಗೆ ಚೆಂದ ಅಂತ ಕೇಳಿಕೊಂಡರೆ ಮುಂದಿನ ಸಾಲು ತಾನಾಗೇ ಸಿಗುತ್ತದೆ.

ಚೀಟಿ ಮಾಡಿದೆವು. ಒಂದೊಂದರಲ್ಲಿ ಒಂದು ಸಾಲಿನ ಮೊದಲ ಎರಡು ಪದ. ಯಾವ ಚೀಟಿ ಬಂತೋ ಅಲ್ಲಿಂದ ಮುಂದಕ್ಕೆ ಹೇಳಬೇಕು. ವಾರ ಕಳೆಯುವಷ್ಟರಲ್ಲಿ 11 ಮಕ್ಕಳಲ್ಲಿ 8 ಮಕ್ಕಳು ಎಲ್ಲಿಂದ ಬೇಕಾದರೂ ಹೇಳುತ್ತಿದ್ದರು. ಮೂವರಿಗೆ ಆಗಲಿಲ್ಲ. ಅವರಿಗೆ ಅಕ್ಷರ ಕೂಡಿಸುವುದೇ ಕಷ್ಟವಿತ್ತು, ಅದಕ್ಕೆ ಎಂಟನೇ ಕ್ಲಾಸಿನಲ್ಲೇ ಅವರ ಜೊತೆ ಕೂತು ಕಲಿಸಬೇಕಿತ್ತು. ಅದು ಬೇರೆಯೇ ನೋವು.

ಅವಳಿಗೆ ಮುಖ್ಯ ಪರೀಕ್ಷೆಯಲ್ಲಿ 37 ಬಂತು. ಲೆಟರ್ ಪೂರ್ತಿ ಬರೆದೆ ಮಿಸ್ ಅಂತ ಓಡಿಬಂದು ಹೇಳಿದ್ದಳು.

ಈ ಡಿಸೆಂಬರ್‌ನಲ್ಲಿ ಸಬ್ಜೆಕ್ಟ್ ವಾಟ್ಸಾಪ್ ಗ್ರೂಪಿಗೆ ಯಾರೋ ಒಂದು ಪಿಡಿಎಫ್ ಹಾಕಿದರು, ಹೊಸ ಪ್ಯಾಕೇಜ್ ಅಂತ. ತೆಗೆದು ನೋಡಿದರೆ ಪದ್ಯದ ಪುಟ ನನ್ನದೇ. ಮೂರನೇ ಸಾಲಿನ ‘ಬಿನೀತ್’ ಪದ ಟೈಪ್ ಮಾಡುವಾಗ ನಾನು ಬಿಟ್ಟಿದ್ದ ಒಂದು ಅಕ್ಷರ ಇನ್ನೂ ಹಾಗೇ ಬಿಟ್ಟುಹೋಗಿತ್ತು. ನಾಲ್ಕೇ ಸಾಲು. ಆ ರಾತ್ರಿಯೇ ಪೂರ್ತಿ ಟೈಪ್ ಮಾಡಿ, ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ಅರ್ಥ ಬರೆದು, ಹಳೆಯದನ್ನು ದಯವಿಟ್ಟು ಡಿಲೀಟ್ ಮಾಡಿ ಅಂತ ಕೇಳಿಕೊಂಡು ಗ್ರೂಪಿಗೆ ಹಾಕಿದೆ. ಐದು ಜನ ಥ್ಯಾಂಕ್ಸ್ ಅಂದರು. ಮಾರನೇ ಬೆಳಗ್ಗೆ ಇನ್ನೊಂದು ಗ್ರೂಪಿನಲ್ಲಿ ಆ ಹಳೇ ಪಿಡಿಎಫ್ ಮತ್ತೆ ಬಂದಿತ್ತು. ಅಲ್ಲಿಗೂ ಹೊಸದನ್ನು ಕಳಿಸಿದೆ.