ಹೆಡರ್ ಹಾಕಿದ ಮೇಲೆ ಪಿಕಪ್ ಹೋದ ಸಿಟಿ ವಿಟೆಕ್

"ಅಣ್ಣಾ, ಸೌಂಡ್ ಏನೋ ಸೂಪರ್. ಆದ್ರೆ ಹಂಪ್ ಇಳಿಸಿ ಎತ್ತೋಕೆ ಪ್ರತಿ ಸಲ ಫಸ್ಟ್ ಗೇರ್ ಹಾಕ್ಬೇಕು. ಮೊದಲು ಸೆಕೆಂಡಲ್ಲೇ ಹೋಗ್ತಿತ್ತು."

ಹೆಡರ್, ಅಂದರೆ ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಪೈಪುಗಳ ಜೋಡಣೆ, ಹಾಕಿ ಕಳಿಸಿದ ಮೂರನೇ ವಾರ ಒಬ್ಬ ಕಸ್ಟಮರ್ ಫೋನ್ ಮಾಡಿದ್ದ. ಬೆಂಗಳೂರಲ್ಲಿ ಗ್ಯಾರೇಜ್ ನಡೆಸುವ ನನಗೆ ಇಂಥ ಫೋನ್ ಹೊಸದಲ್ಲ. ಈ ಸಲ ಮಾತ್ರ ತಪ್ಪು ನೇರವಾಗಿ ನನ್ನದೇ ಆಗಿತ್ತು.

ಗಾಡಿ ಹಳೇ ಹೋಂಡಾ ಸಿಟಿ, 1.5 ಲೀಟರ್ ವಿಟೆಕ್ ಎಂಜಿನ್‌ನದು. 2000ದಲ್ಲಿ ಈ ವಿಟೆಕ್ ಬಂದಾಗ 106 ಎಚ್‌ಪಿ ಅಂದರೆ ನಮ್ಮ ಹುಡುಗರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಹಗುರ ಗಾಡಿ, ಮೇಲೆ ಮೇಲೆ ತಿರುಗುವ ಎಂಜಿನ್. ಇವತ್ತಿಗೂ ಅದನ್ನು ಮಾರದೆ ಇಟ್ಟುಕೊಂಡವರಿದ್ದಾರೆ. ಈ ಹುಡುಗನಿಗೆ ಅದು ಅಪ್ಪನಿಂದ ಬಂದ ಗಾಡಿ. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಅದರಲ್ಲೇ ಓಡಾಟ. ಕಂಪನಿಯ ಕಾಸ್ಟ್ ಐರನ್ ಮ್ಯಾನಿಫೋಲ್ಡ್ (ಎರಕದ ಹೊಗೆ ಪೈಪು) ತೆಗೆದು ಹೆಡರ್ ಹಾಕಿಸಬೇಕು ಅಂತ ಬಂದಿದ್ದ.

ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆ: ದಿನದಲ್ಲಿ ಎಷ್ಟು ಹೊತ್ತು ಎಂಜಿನ್ 5,000 ಆರ್‌ಪಿಎಂ ಮೇಲೆ ಇರುತ್ತೆ? ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವವನ ಗಾಡಿ ಎಷ್ಟು ಹೊತ್ತು ಇರುತ್ತೆ ಹೇಳಿ. ಆದರೆ ನಾನು ಕೇಳಿದ್ದು "ಬಜೆಟ್ ಎಷ್ಟು?" ಅಂತ. ರೆಡಿಮೇಡ್ 4-1 ಹೆಡರ್ ಒಂದು ಸಿಕ್ತು, ಅಂದರೆ ನಾಲ್ಕು ಸಿಲಿಂಡರಿನ ನಾಲ್ಕು ಪೈಪು ಒಂದೇ ಜಾಗದಲ್ಲಿ ಒಂದಾಗುವಂಥದ್ದು. ದಪ್ಪ ಪೈಪು, ಕನ್ನಡಿಯ ಹಾಗೆ ಪಾಲಿಶ್. ಕೈಯಲ್ಲಿ ಹಿಡಿದರೆ ಯಾರಿಗಾದರೂ ಆಸೆ ಆಗಬೇಕು. ನನಗೂ ಆಯ್ತು.

ಹೆಡರ್ ಮಾಡುವ ಕೆಲಸ ಏನು ಅಂತ ಸ್ವಲ್ಪ ಹೇಳಿಬಿಡ್ತೀನಿ. ಬಸ್ಸು ಜೋರಾಗಿ ಹೋದಾಗ ರಸ್ತೆ ಮೇಲಿನ ಎಲೆ, ಕಾಗದ ಎಲ್ಲ ಅದರ ಹಿಂದೆ ಎಳೆದುಕೊಂಡು ಹೋಗ್ತವಲ್ಲ, ಹಾಗೆ ಒಂದು ಸಿಲಿಂಡರಿನಿಂದ ಹೊರಗೆ ನುಗ್ಗಿದ ಹೊಗೆ ತನ್ನ ಹಿಂದೆ ಉಳಿದದ್ದನ್ನೂ ಎಳೆಯುತ್ತದೆ. ಅದರ ಜೊತೆಗೆ ಪೈಪುಗಳು ಸೇರುವ ಜಾಗದಿಂದ ಒಂದು ಎಳೆತದ ಅಲೆ ವಾಲ್ವ್ ಕಡೆಗೆ ವಾಪಸ್ ಬರುತ್ತದೆ. ಇಂಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಅರೆಬರೆ ತೆರೆದಿರುವ ಆ ಒಂದು ಕ್ಷಣಕ್ಕೆ ಅಲೆ ಸರಿಯಾಗಿ ಬಂದು ಸೇರಿದರೆ ಹಳೇ ಹೊಗೆ ಪೂರ್ತಿ ಹೋಗಿ ಹೊಸ ಗಾಳಿ ಒಳಗೆ ಬರುತ್ತದೆ. ಯಾವ ಆರ್‌ಪಿಎಂನಲ್ಲಿ ಬಂದು ಸೇರಬೇಕು ಅನ್ನೋದನ್ನು ತೀರ್ಮಾನ ಮಾಡೋದು ಪೈಪಿನ ಉದ್ದ. ಪೈಪು ಸಣ್ಣದೋ ದಪ್ಪವೋ ಅನ್ನೋದು ಹೊಗೆಯ ವೇಗವನ್ನು ತೀರ್ಮಾನ ಮಾಡುತ್ತದೆ.

"ಬ್ಯಾಕ್ ಪ್ರೆಷರ್ ಬೇಕು ಅಲ್ವಾ ಅಣ್ಣಾ" ಅಂತ ವಾರಕ್ಕೊಬ್ಬರಾದರೂ ಕೇಳ್ತಾರೆ, ಅಂದರೆ ಹೊಗೆ ಹೊರಗೆ ಹೋಗೋಕೆ ಸ್ವಲ್ಪ ಅಡ್ಡಿ ಇರಬೇಕು ಅಲ್ವಾ ಅಂತ. ಬೇಡ. ಯಾವ ಎಂಜಿನ್‌ಗೂ ಬೇಡ. ಬೇಕಿರೋದು ವೇಗ. ದಪ್ಪ ಪೈಪಿನಲ್ಲಿ ಕೆಳಗಿನ ಆರ್‌ಪಿಎಂನಲ್ಲಿ ಆ ವೇಗ ಸತ್ತು ಹೋಗುತ್ತೆ. ಅದನ್ನೇ ಜನ ಬ್ಯಾಕ್ ಪ್ರೆಷರ್ ಕಮ್ಮಿ ಆಯ್ತು ಅಂತಾರೆ.

ನಾನು ಹಾಕಿದ ಹೆಡರಿನ ಪೈಪಿನ ಒಳ ಅಡ್ಡಳತೆ 41 ಮಿ.ಮೀ. ಈ 1.5 ಲೀಟರ್ ಎಂಜಿನ್ ರಸ್ತೆ ಮೇಲೆ ಓಡೋಕೆ 35 ಸಾಕು. ಆರು ಮಿ.ಮೀ. ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿದರೆ ಪೈಪಿನ ಬಾಯಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ದೊಡ್ಡದಾಯಿತು. ಸೋರೆಕಾಯಿ ಬುರುಡೆಯಲ್ಲಿ ಊದಿದ ಹಾಗೆ, ಸದ್ದು ಇದೆ, ದಮ್ಮಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ಗಾಡಿ ವಾಪಸ್ ಬಂದ ದಿನ ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದೆವು. ಟಿಕ್ ಟಿಕ್ ಟಿಕ್. ಐದು ನಿಮಿಷ ಬಿಸಿಯಾದ ಮೇಲೆ ನಿಂತುಹೋಯ್ತು. ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಅಂತ ತಿಳಿದುಕೊಂಡೆ. ಈ ಎಂಜಿನ್‌ಗೆ ಟ್ಯಾಪೆಟ್ ಗ್ಯಾಪ್ ಕೈಯಲ್ಲೇ ಸೆಟ್ ಮಾಡಬೇಕು, ಎಷ್ಟೋ ಜನ ಮಾಡಿಸೋದೇ ಇಲ್ಲ. ಕವರ್ ಬಿಚ್ಚಿ, ಹದಿನಾರೂ ವಾಲ್ವ್ ನೋಡಿ, ಸೆಟ್ ಮಾಡಿ ಮುಚ್ಚಿದೆ. ಒಂದು ದಿನ ಹೋಯ್ತು. ಮಾರನೇ ಬೆಳಗ್ಗೆ ಅದೇ ಟಿಕ್ ಟಿಕ್.

ನಮ್ಮಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ. ಮಾತು ಕಮ್ಮಿ. ಒಂದು ಮೊಳ ರಬ್ಬರ್ ಹೋಸ್ ತಗೊಂಡು ಒಂದು ತುದಿ ಕಿವಿಗೆ ಇಟ್ಟುಕೊಂಡರು. ಇನ್ನೊಂದು ತುದಿಯನ್ನು ಹೆಡರನ್ನು ಎಂಜಿನ್‌ಗೆ ಬಿಗಿಯುವ ಪಟ್ಟಿಯ, ಅಂದರೆ ಫ್ಲೇಂಜ್‌ನ, ಉದ್ದಕ್ಕೂ ನಿಧಾನವಾಗಿ ಆಡಿಸಿದರು. ಮೂರನೇ ಸಿಲಿಂಡರ್ ಹತ್ತಿರ ನಿಲ್ಲಿಸಿ ನನ್ನ ಕಡೆ ನೋಡಿದರು. "ಮೇಲೆ ಯಾಕಪ್ಪಾ ಬಿಚ್ಚಿದೆ?" ಅಂದರು ಅಷ್ಟೇ.

ಹೆಡರ್ ಇಳಿಸಿದಾಗ ಗ್ಯಾಸ್ಕೆಟ್ ಮೇಲೆ ಮೂರನೇ ಪೋರ್ಟಿನಿಂದ ಅಂಚಿನ ತನಕ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ಫ್ಲೇಂಜ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಅಡಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳು) ತೂರಿಸಿದೆ. ಅರ್ಧ ಮಿ.ಮೀ. ಎಲೆ ಆರಾಮಾಗಿ ಒಳಗೆ ಹೋಯ್ತು. ಫ್ಲೇಂಜ್ ದಪ್ಪ ಬರೀ 6 ಮಿ.ಮೀ. ವೆಲ್ಡಿಂಗ್ ಬಿಸಿಗೆ ಬಾಳೆಹಣ್ಣಿನ ಹಾಗೆ ಬಾಗಿತ್ತು. ನಟ್ ಟೈಟ್ ಮಾಡಿ ಹೇಗೋ ಕೂರಿಸಿದ್ದೆವು. ತಣ್ಣಗಿದ್ದಾಗ ಬಾಯಿ ಬಿಡುತ್ತಿತ್ತು, ಬಿಸಿಗೆ ಹಿಗ್ಗಿ ಅರ್ಧಂಬರ್ಧ ಮುಚ್ಚಿಕೊಳ್ಳುತ್ತಿತ್ತು.

ಗಾಡಿಯ ಮೈಲೇಜೂ ಬಿದ್ದಿತ್ತು, ಅದಕ್ಕೂ ಕಾರಣ ಅಲ್ಲೇ ಇತ್ತು. ಲೀಕ್ ಅಂದರೆ ಹೊಗೆ ಹೊರಗೆ ಹೋಗೋದು ಮಾತ್ರ ಅಂತ ತಿಳಿಯಬೇಡಿ. ಎರಡು ಹೊಡೆತದ ನಡುವೆ ಪೈಪಿನಲ್ಲಿ ಎಳೆತ ಬಂದಾಗ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮುಂದೆ ಕೂತಿರುವ ಆಕ್ಸಿಜನ್ ಸೆನ್ಸರ್‌ಗೆ ಅದು ಹೊರಗಿನ ಗಾಳಿ ಅಂತ ಗೊತ್ತಾಗಲ್ಲ. "ಪೆಟ್ರೋಲ್ ಕಮ್ಮಿ ಆಯ್ತು" ಅಂತ ಎಂಜಿನ್ನಿನ ಕಂಪ್ಯೂಟರ್ ಇಸಿಯುಗೆ ಹೇಳುತ್ತೆ. ಇಸಿಯು ಇನ್ನಷ್ಟು ಸುರಿಯುತ್ತೆ. ಪ್ಲಗ್ ತೆಗೆದು ನೋಡಿದರೆ ನಾಲ್ಕೂ ಮಸಿ. ಸಾಲದ್ದಕ್ಕೆ ಸೆನ್ಸರ್ ವೈರ್ ಸಾಲದೆ ನಮ್ಮ ಹುಡುಗ ತಿರುಚಿ ಟೇಪ್ ಸುತ್ತಿದ್ದ. ಸೆನ್ಸರ್ ಕೂತಿದ್ದ ಜಾಗವೂ ಪೈಪಿನ ಅಡಿಯಲ್ಲಿ. ಬೆಳಗ್ಗೆ ಪೈಪಿನಲ್ಲಿ ಸೇರುವ ನೀರೆಲ್ಲ ಅದರ ತಲೆ ಮೇಲೇ. ಸೆನ್ಸರ್ ಯಾವಾಗಲೂ ಪೈಪಿನ ಮೇಲ್ಭಾಗದಲ್ಲಿ ಇರಬೇಕು.

ದುಡ್ಡು ವಾಪಸ್ ಕೊಡ್ತೀನಿ ಅಂದೆ. "ದುಡ್ಡು ಬೇಡ, ಗಾಡಿ ಸರಿ ಮಾಡಿ ಕೊಡಿ ಅಣ್ಣಾ" ಅಂದ. ಎರಡನೇ ಹೆಡರ್ ನಾವೇ ಕಟ್ಟಿದೆವು.

ಈ ಹೋಂಡಾ ಎಂಜಿನ್‌ನಲ್ಲಿ ಎಕ್ಸಾಸ್ಟ್ ಇರೋದು ಮುಂದೆ, ರೇಡಿಯೇಟರ್ ಕಡೆ. ಪೈಪು ಅಲ್ಲಿಂದ ಇಳಿದು ಆಯಿಲ್ ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಅಡಿಯಲ್ಲಿ ಹಾದು ಹಿಂದೆ ಹೋಗಬೇಕು. ಮೊದಲಿನ 4-1ರಲ್ಲಿ ನಾಲ್ಕು ಪೈಪಿನ ಗಂಟು ಸರಿಯಾಗಿ ಸಂಪ್ ಅಡಿಯಲ್ಲೇ ಬರುತ್ತಿತ್ತು. ಅದರ ಹೊಟ್ಟೆ ನೋಡಿದರೆ ಮೂರೇ ವಾರಕ್ಕೆ ಹಂಪ್ ಉಜ್ಜಿ ಹೊಳೆಯುತ್ತಿತ್ತು. ಬೇರೆ ದೇಶದ ನುಣುಪು ರಸ್ತೆಗೆ ಮಾಡಿದ ಡಿಸೈನ್ ನಮ್ಮ ವಾರ್ಡಿನ ಹಂಪ್ ಲೆಕ್ಕಕ್ಕೆ ತಗೊಂಡಿರಲ್ಲ.

4-2-1, ಅಂದರೆ ನಾಲ್ಕು ಪೈಪು ಮೊದಲು ಎರಡಾಗಿ ಆಮೇಲೆ ಒಂದಾಗುವ ಹೆಡರ್, ಮಾಡಿದರೆ ಸಂಪ್ ಅಡಿಯಲ್ಲಿ ಎರಡೇ ಪೈಪು, ಅಕ್ಕಪಕ್ಕ ಚಪ್ಪಟೆಯಾಗಿ ಮಲಗಿಸಬಹುದು. ಮಧ್ಯದ ಆರ್‌ಪಿಎಂ ಎಳೆತಕ್ಕೂ ಅದೇ ಒಳ್ಳೇದು. ಯಾವುದಕ್ಕೆ ಯಾವುದನ್ನು ಜೋಡಿ ಮಾಡಬೇಕು ಅನ್ನೋದರಲ್ಲಿ ಮಾತ್ರ ಎಡವಬಾರದು. ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2. ಹಾಗಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಆಗ ಒಂದೊಂದು ಜೋಡಿಯಲ್ಲೂ ಹೊಡೆತಗಳು ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗುವಷ್ಟು ದೂರ ಇರುತ್ತವೆ, ಒಂದಕ್ಕೊಂದು ಅಡ್ಡ ಬರಲ್ಲ. ಬಗ್ಗಿಸೋಕೆ ಸುಲಭ ಅಂತ 1-2, 3-4 ಸೇರಿಸಿದ ಹೆಡರನ್ನೂ ನಾನು ನೋಡಿದ್ದೀನಿ. ಅದಕ್ಕಿಂತ ಕಂಪನಿಯ ಕಾಸ್ಟ್ ಐರನ್ನೇ ವಾಸಿ.

304 ಸ್ಟೇನ್‌ಲೆಸ್ ಪೈಪು, ಗೋಡೆ 1.6 ಮಿ.ಮೀ. ದಪ್ಪ. ಬೆಂಡುಗಳನ್ನು ಪೀಣ್ಯದಿಂದ ತಂದೆವು. ಬಗ್ಗಿಸಿದ ಜಾಗದಲ್ಲಿ ಪೈಪು ಸುಕ್ಕುಗಟ್ಟಿರಬಾರದು, ಒಳಗೆ ಬೆರಳಾಡಿಸಿದರೆ ದುಂಡಗೇ ಸಿಗಬೇಕು. ಫ್ಲೇಂಜ್ 10 ಮಿ.ಮೀ. ಎಂಎಸ್, ಅಂದರೆ ಮೈಲ್ಡ್ ಸ್ಟೀಲ್. ಎಂಎಸ್‌ಗೆ ಸ್ಟೇನ್‌ಲೆಸ್ ಅಂಟಿಸೋಕೆ 309 ಫಿಲ್ಲರ್ ರಾಡ್ ಬೇಕು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರೆ ಮುಂದೆ ಬಿರುಕು ಬಿಡುತ್ತೆ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಬಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಒಳಗಡೆ ಜಾಯಿಂಟ್ ಕರಿದ ಹಾಗೆ ಕಪ್ಪಗೆ ಒರಟಾಗುತ್ತೆ. ಹೊರಗಿಂದ ಎಷ್ಟೇ ಚೆಂದ ಕಂಡರೂ ರೆಡಿಮೇಡ್ ಹೆಡರ್ ತಗೊಳ್ಳುವಾಗ ಟಾರ್ಚ್ ಹಾಕಿ ಒಳಗೆ ನೋಡಿ.

ಫ್ಲೇಂಜ್ ಬಾಗದ ಹಾಗೆ ಏನು ಮಾಡಿದೆವು ಅಂದರೆ, ಗುಜರಿಗೆ ಹಾಕಬೇಕಿದ್ದ ಒಂದು ಸಿಲಿಂಡರ್ ಹೆಡ್ ಇತ್ತು. ಫ್ಲೇಂಜನ್ನು ಅದಕ್ಕೇ ಬಿಗಿದು, ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ವೆಲ್ಡ್ ಮಾಡಿ, ರಾತ್ರಿಯಿಡೀ ಹಾಗೇ ಆರಲು ಬಿಟ್ಟೆವು. ಬೆಳಗ್ಗೆ ಬಿಚ್ಚಿ ಸರ್ಫೇಸ್ ಗ್ರೈಂಡಿಂಗ್‌ಗೆ ಕೊಟ್ಟೆವು. ಅಷ್ಟಾದರೂ ಕೂದಲೆಳೆಯಷ್ಟು ಬಾಗಿತ್ತು ಅಂತ ಗ್ರೈಂಡಿಂಗ್‌ನವನು ಹೇಳಿದ.

ಇನ್ನೊಂದು ಲೆಕ್ಕ. 304 ಸ್ಟೀಲ್ ಬಿಸಿಗೆ ಎಂಎಸ್‌ಗಿಂತ ಜಾಸ್ತಿ ಹಿಗ್ಗುತ್ತೆ. 60 ಸೆಂ.ಮೀ. ಪೈಪು 500 ಡಿಗ್ರಿ ಬಿಸಿ ಏರಿದರೆ 5 ಮಿ.ಮೀ. ಉದ್ದ ಆಗುತ್ತೆ. ಅದಕ್ಕೆ ಎಲ್ಲಾದರೂ ಆಡೋಕೆ ಜಾಗ ಬೇಕು. ಪೈಪುಗಳೆಲ್ಲ ಸೇರುವ ಕಲೆಕ್ಟರ್ ಆದ ಮೇಲೆ ಒಂದು ಫ್ಲೆಕ್ಸ್ ಪೈಪ್ (ಬಾಗಿ ಆಡುವ ಪೈಪು) ಹಾಕಿದೆವು. ಆಗಲೇ ಮುಂದಿನ ಎಂಜಿನ್ ಮೌಂಟಿಂಗ್ ಹರಿದಿರೋದೂ ಕಣ್ಣಿಗೆ ಬಿತ್ತು. ಎಂಜಿನ್ ಕುಣಿದಷ್ಟೂ ಆ ಪೆಟ್ಟೆಲ್ಲ ಹೆಡರಿಗೆ. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಹೆಡರ್ ಕೇಳಿ ಬಂದವರಿಗೆ ಮೊದಲು ಮೌಂಟಿಂಗ್, ಆಮೇಲೆ ಕಂಪ್ರೆಷನ್ ಅಂತ ಈಗ ಹೇಳ್ತೀನಿ. ಹೋದ ವರ್ಷ ಹೀಗೇ ಬಂದ ಇನ್ನೊಂದು ಗಾಡಿಯಲ್ಲಿ ಒಂದು ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗಿತ್ತು. ಹೆಡರ್ ದುಡ್ಡು ಹೆಡ್ ಕೆಲಸಕ್ಕೆ ಹೋಯ್ತು. ಅವರು ಬೈದುಕೊಂಡರೂ ಗಾಡಿ ಮಾತ್ರ ಚೆನ್ನಾಗಿ ಓಡ್ತಿದೆ.

ಆರ್‌ಟಿಒ ವಿಷಯವನ್ನೂ ಮುಚ್ಚಿಡದೆ ಹೇಳ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಮಾರ್ಪಾಡು ಮಾಡೋದರ ಬಗ್ಗೆ ಇದೆ. ಸದ್ದು, ಹೊಗೆ ಮಿತಿ ಮೀರಿದರೆ 190ನೇ ಸೆಕ್ಷನ್ ಅಡಿ 10,000 ರೂಪಾಯಿ ತನಕ ದಂಡ ಬೀಳಬಹುದು. ಹೊಗೆ ಶುದ್ಧ ಮಾಡುವ ಕ್ಯಾಟ್ ತೆಗೆದು ಖಾಲಿ ಪೈಪ್ ಹಾಕಿ ಅಂದರೆ ನಾನು ಮಾಡಲ್ಲ. ಹಿಂದಿನ ಸೈಲೆನ್ಸರನ್ನೂ ಮುಟ್ಟಲ್ಲ.

ಫಿಟ್ ಮಾಡಿದ ಮೇಲೆ ಗ್ಯಾರೇಜಿನ ನಾಲ್ಕು ಜನ ಒಳಗೆ ಕೂತು, ಒಬ್ಬ ಕೆಳಗೆ ಮಲಗಿ ನೋಡಿದ. ಪೈಪು ಹಂಪ್‌ಗೆ ತಾಗುವಷ್ಟು ಕೆಳಗೆ ಇಳಿದಿರಲಿಲ್ಲ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ 40ರಿಂದ 80ರ ತನಕ ಸ್ಟಾಪ್‌ವಾಚ್ ಹಿಡಿದು ಎಳೆಸಿದೆವು. 4-1ರಲ್ಲಿ ಹಿಡಿದಿದ್ದ ಟೈಮಿಗಿಂತ ಒಂದು ಸೆಕೆಂಡಿಗೂ ಜಾಸ್ತಿ ಉಳಿಯಿತು. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಸಪ್ಪೆ ಆಗಿರಬಹುದು. ಆ ಹುಡುಗನಿಗೆ ಗೊತ್ತಾಗಲಿಲ್ಲ. ಇಂಥ ಎಂಜಿನ್‌ನಲ್ಲಿ ಬರೀ ಹೆಡರಿನಿಂದ ಐದಾರು ಎಚ್‌ಪಿ ಬಂದರೆ ಅದೇ ಹಬ್ಬ. ಇಪ್ಪತ್ತು ಬರುತ್ತೆ ಅಂದವರನ್ನು ನಂಬಬೇಡಿ.

ಐನೂರು ಕಿಲೋಮೀಟರ್ ಓಡಿಸಿ ಬಂದಾಗ ತಣ್ಣಗಿರುವಾಗಲೇ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ಮಾಡಿದೆವು. ಎರಡು ನಟ್ ಕಾಲು ಸುತ್ತು ತಿರುಗಿದವು. ಲೇಬರ್ ತಗೊಳ್ಳಲಿಲ್ಲ, ಮೆಟೀರಿಯಲ್ ದುಡ್ಡು ಮಾತ್ರ.

ಆ 4-1 ಹೆಡರ್ ಮೂಲೆಯಲ್ಲಿ ಬಿದ್ದಿತ್ತು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಹೋಗುವ ಒಬ್ಬ ಹುಡುಗ ಅದೇ ಎಂಜಿನ್ ಇಟ್ಟುಕೊಂಡಿದ್ದಾನೆ. ಟ್ರೈಲರ್ ಮೇಲೆ ಹೋಗಿ ಟ್ರೈಲರ್ ಮೇಲೇ ಬರುವ ಗಾಡಿ, ಹಂಪ್ ಮುಖವನ್ನೇ ನೋಡಲ್ಲ. ಫ್ಲೇಂಜ್ ಗ್ರೈಂಡ್ ಮಾಡಿಸಿ, ಸೆನ್ಸರ್ ಜಾಗವನ್ನು ಮೇಲಕ್ಕೆ ತಿರುಗಿಸಿ ಅವನಿಗೆ ಕೊಟ್ಟೆ. 4,500ರ ಮೇಲೆ ಹುಚ್ಚು ಹಿಡಿದ ಹಾಗೆ ಎಳೆಯುತ್ತೆ ಅಂತ ಫೋನ್ ಮಾಡಿದ್ದ.