ಕೇಬಲ್ ಕೈಯಲ್ಲಿತ್ತು, ಕಾಪಿ ನಡೆಯುತ್ತಿತ್ತು

ಕಳೆದ ಮದುವೆ ಸೀಸನ್‌ನ ಕಥೆ. ಈಗಲೂ ಸ್ಟುಡಿಯೋದಲ್ಲಿ ಯಾರಾದರೂ ಲ್ಯಾನ್ ಕೇಬಲ್ ಕೈಗೆತ್ತಿಕೊಂಡರೆ ನಮ್ಮ ಹುಡುಗ ನನ್ನ ಮುಖ ನೋಡುತ್ತಾನೆ. ನಗುವುದಿಲ್ಲ, ನೋಡುತ್ತಾನೆ ಅಷ್ಟೇ. ನಕ್ಕಿದ್ದರೆ ಬೈಯಬಹುದಿತ್ತು.

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ವಿಡಿಯೋ ಸ್ಟುಡಿಯೋವೊಂದರಲ್ಲಿ ನಾನು ಎಡಿಟರ್. ಆ ದಿನದ ಮದುಮಗ ದುಬೈಯಲ್ಲಿರುವವನು, ರಾತ್ರಿ ಮಂಗಳೂರಿನಿಂದ ವಿಮಾನ. ಮದರಂಗಿಯಿಂದ ಔತಣದವರೆಗಿನ ಫೂಟೇಜ್ ಪೂರ್ತಿ, 320 ಜಿಬಿ, ಅವನು ತಂದುಕೊಟ್ಟ ಎಸ್‌ಎಸ್‌ಡಿಗೆ ಹಾಕಿ ಸಂಜೆ ನಾಲ್ಕಕ್ಕೆ ಒಪ್ಪಿಸಬೇಕು. ಫೈಲುಗಳಿದ್ದದ್ದು ವಿಂಡೋಸ್ 7ರ ಹಳೆಯ ಡೆಸ್ಕ್‌ಟಾಪ್‌ನಲ್ಲಿ. ಅದರ ಯುಎಸ್‌ಬಿಗೆ ಡಿಸ್ಕ್ ಚುಚ್ಚಿದರೆ ಹತ್ತು ನಿಮಿಷಕ್ಕೊಮ್ಮೆ ಕಳಚಿಕೊಳ್ಳುತ್ತದೆ. ಕ್ಯಾಬಿನೆಟ್ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆಯೋಣವೆಂದರೆ ಅದಕ್ಕೆ ಯಾರೂ ಕೈ ಹಾಕಬಾರದೆಂದು ಯಜಮಾನರ ಕಟ್ಟಪ್ಪಣೆ. ಹೊಸದು ತರಿಸಿ ಎಂದರೆ "ಇದು ಓಡುತ್ತಿದೆಯಲ್ಲ" ಎನ್ನುತ್ತಾರೆ. ಅದು ಓಡುವುದಲ್ಲ, ತೆವಳುವುದು.

ಹಾಗಾಗಿ ಡೆಸ್ಕ್‌ಟಾಪ್‌ನಿಂದ ನನ್ನ ಲ್ಯಾಪ್‌ಟಾಪಿಗೆ ನೇರ ಕೇಬಲ್ ಎಳೆಯುವುದೆಂದು ತೀರ್ಮಾನಿಸಿದೆ. ರೌಟರ್ ಡಬ್ಬಿಯಲ್ಲಿ ಬಂದಿದ್ದ ಕೇಬಲ್ಲನ್ನು ಹುಡುಗ ಸಿಕ್ಕಿಸಿದ. ಎರಡೂ ಕಡೆ ದೀಪ ಹತ್ತಿತು. ಡೆಸ್ಕ್‌ಟಾಪ್‌ನ ಹೆಸರು ಟೈಪ್ ಮಾಡಿದೆ, ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ. ನಮ್ಮ ಯಜಮಾನರಿಗೆ ನೆನಪಿರುವುದಿಲ್ಲವೆಂದು ಆ ಯಂತ್ರಕ್ಕೆ ಎಂದೂ ಪಾಸ್‌ವರ್ಡ್ ಇಟ್ಟಿರಲಿಲ್ಲ. ಇಟ್ಟೆ. ಫೋಲ್ಡರ್ ತೆರೆಯಿತು, ಕಾಪಿ ಹಾಕಿದೆ, ವೇಗ ನೋಡಿದೆ: ಸೆಕೆಂಡಿಗೆ 4 ಎಂಬಿ. ಲೆಕ್ಕ ಹಾಕಿದರೆ ಇಪ್ಪತ್ತೆರಡು ಗಂಟೆ. ಅಷ್ಟರಲ್ಲಿ ಮದುಮಗ ದುಬೈಯಲ್ಲಿ ಡ್ಯೂಟಿಗೆ ಹಾಜರಾಗಿರುತ್ತಾನೆ.

"ಇದು ಸ್ಟ್ರೇಟ್ ಕೇಬಲ್, ಎರಡು ಕಂಪ್ಯೂಟರಿಗೆ ನೇರ ಹಾಕುವಾಗ ಕ್ರಾಸ್ ಬೇಕು" ಎಂದೆ.

"ಈಗಿನ ಪೋರ್ಟುಗಳಿಗೆ ಅದು ಬೇಡವಂತೆ ಅಣ್ಣ, ಅವೇ ಸರಿಮಾಡಿಕೊಳ್ಳುತ್ತವಂತೆ."

"ನೀನು ಹುಟ್ಟುವ ಮೊದಲು ನಾನು ಕ್ರಿಂಪಿಂಗ್ ಮಾಡಿದ್ದೇನೆ ಮಾರಾಯ. ಹೇಳಿದಷ್ಟು ಮಾಡು."

ತಂತಿಗಳ ತುದಿಗೆ ಕನೆಕ್ಟರ್ ಒತ್ತಿ ಹೊಸ ಕೇಬಲ್ ಮಾಡಲು ಕುಳಿತ, ಪಾಪ. ಕ್ರಾಸ್ ಎಂದರೆ ಎರಡು ತುದಿಗಳಲ್ಲಿ ತಂತಿಗಳ ಕ್ರಮ ಬೇರೆ: ಒಂದು ತುದಿಯಲ್ಲಿ ಕಿತ್ತಳೆ ಜೋಡಿ ಮೊದಲು, ಇನ್ನೊಂದರಲ್ಲಿ ಹಸಿರು. ಎರಡು ಕನೆಕ್ಟರ್ ಹಾಳಾದವು, ಪ್ರತಿಸಲವೂ ಬೈದೆ. ಒಂದು ಗಂಟೆ ಹೋಯಿತು. ತಂದಿಟ್ಟ ಗೋಳಿಬಜೆ ತಣ್ಣಗಾಯಿತು.

ಕೊನೆಗೆ ಹೊಸ ಕೇಬಲ್ ಸಿದ್ಧವಾಯಿತು. "ಹಳೆಯದನ್ನು ಎಳೆ, ಕಾಪಿ ತಾನಾಗಿ ನಿಲ್ಲುತ್ತದೆ" ಎಂದೆ. ಎಳೆದ. ನಾನು ಪರದೆಯನ್ನೇ ನೋಡುತ್ತಿದ್ದೆ. ಹಸಿರು ಪಟ್ಟಿ ಮುಂದಕ್ಕೆ ಸರಿಯಿತು. ಮತ್ತೆ ಸರಿಯಿತು. 4 ಎಂಬಿ, 4.1 ಎಂಬಿ.

"ಎಳೆ ಅಂದೆನಲ್ಲ!"

"ಅಣ್ಣ, ಕೇಬಲ್ ನನ್ನ ಕೈಯಲ್ಲಿದೆ."

ತಿರುಗಿ ನೋಡಿದೆ. ಎರಡೂ ತುದಿಗಳನ್ನು ಹಿಡಿದು ಹಗ್ಗ ಜಿಗಿಯಲು ಹೊರಟವನಂತೆ ನಿಂತಿದ್ದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬೆಳಗ್ಗಿನಿಂದ ಫೈಲುಗಳು ಹೋಗುತ್ತಿದ್ದದ್ದು ವೈಫೈಯಲ್ಲಿ. ಡೆಸ್ಕ್‌ಟಾಪ್‌ಗೆ ವೈಫೈ ಹಿಡಿಯುವ ಡಾಂಗಲ್ ಹಾಕಿದವನು ನಾನೇ. ಹೆಸರಿನಿಂದ ಹುಡುಕಿದ್ದಕ್ಕೆ ವಿಂಡೋಸ್ ರೌಟರ್ ಮೂಲಕ ದಾರಿ ಹಿಡಿದಿತ್ತು. ಕೇಬಲ್ಲಿನ ಕಡೆ ವಿಳಾಸ ಕೊಡುವವರಿಲ್ಲದೆ ಯಂತ್ರ ತಾನೇ ಇಟ್ಟುಕೊಂಡ, 169.254ರಿಂದ ಶುರುವಾಗುವ ಅನಾಥ ಐಪಿ ವಿಳಾಸ ಕುಳಿತಿತ್ತು, "ಗುರುತಿಸದ ನೆಟ್‌ವರ್ಕ್" ಎಂಬ ಕಾರಣಕ್ಕೆ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಅದಕ್ಕೆ ಬಾಗಿಲನ್ನೂ ಹಾಕಿತ್ತು. ಐಪಿ ನೋಡಲು ಅರ್ಧ ನಿಮಿಷ ಸಾಕಿತ್ತು. ನಾನು ನೋಡಿದ್ದು ದೀಪವನ್ನು.

ವೈಫೈ ಎರಡರಲ್ಲೂ ಆಫ್. ಕೇಬಲ್ಲಿನ ಕಡೆಯ ವಿಳಾಸ ನಾನೇ ಕೊಟ್ಟೆ: ಡೆಸ್ಕ್‌ಟಾಪ್‌ಗೆ 10.0.0.1, ಲ್ಯಾಪ್‌ಟಾಪಿಗೆ 10.0.0.2, ಎರಡೂ ಒಂದೇ ನೆಟ್‌ವರ್ಕ್ ಎನ್ನಲು ಮಾಸ್ಕ್ 255.255.255.0, ಹೊರದಾರಿಯಾದ ಗೇಟ್‌ವೇ ಖಾಲಿ. ಫೈರ್‌ವಾಲ್‌ನಲ್ಲಿ ಫೈಲ್ ಶೇರಿಂಗಿಗೆ ಅನುಮತಿ. ಈ ಬಾರಿ ಹೆಸರಿನ ಬದಲು ವಿಳಾಸವನ್ನೇ ಟೈಪ್ ಮಾಡಿ ತೆರೆದೆ. ಕ್ರಾಸ್ ಕೇಬಲ್ ಹಾಕಿದ್ದರಿಂದ ಮನಸ್ಸಿನೊಳಗೆ ಸಣ್ಣ ಜಂಬ ಇನ್ನೂ ಉಳಿದಿತ್ತು.

11 ಎಂಬಿ. ಅಂದರೆ ಎಂಟು ಗಂಟೆ. ಗಡಿಯಾರ ಎರಡು ತೋರಿಸುತ್ತಿತ್ತು.

11 ಎಂದರೆ ಲಿಂಕ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಇಳಿದಿದೆ ಎಂದು ಅರ್ಥ. ಅದರ ಹತ್ತುಪಟ್ಟು ವೇಗದ ಗಿಗಾಬಿಟ್ಟಿಗೆ ಕೇಬಲ್ಲಿನ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕು ಸಾಕು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದೆ: ಕಂದು ಜೋಡಿ ತುದಿ ಮುಟ್ಟಿಯೇ ಇರಲಿಲ್ಲ. ತಲೆಯ ಮೇಲೆ ನಿಂತು ಬೈಯುತ್ತಿದ್ದರೆ ಯಾರ ಕೈ ತಾನೇ ನೆಟ್ಟಗೆ ನಿಲ್ಲುತ್ತದೆ? ಹುಡುಗ ಒಂದು ಮಾತೂ ಆಡದೆ ಡಬ್ಬಿಯ ಹಳೆಯ ಸ್ಟ್ರೇಟ್ ಕೇಬಲ್ಲನ್ನು ಮುಂದೆ ಚಾಚಿದ. ನಾನೂ ಒಂದು ಮಾತೂ ಆಡದೆ ಸಿಕ್ಕಿಸಿದೆ.

ಸೆಕೆಂಡಿಗೆ ನೂರು ಎಂಬಿಯ ಆಸುಪಾಸು! ಮೂರು ಗಂಟೆಗೆ ಲ್ಯಾಪ್‌ಟಾಪ್‌ನಲ್ಲಿ, ಮೂರೂವರೆಯೊಳಗೆ ಮದುಮಗನ ಡಿಸ್ಕಿನಲ್ಲಿ. ಎರಡೂ ಕಡೆಯ ಫೈಲ್ ಸಂಖ್ಯೆ, ಒಟ್ಟು ಗಾತ್ರ ತಾಳೆ ಹಾಕಿದ್ದು ಹುಡುಗನೇ. ನನ್ನ ಕಣ್ಣಿನ ಮೇಲೆ ಆ ದಿನ ನನಗೇ ನಂಬಿಕೆ ಉಳಿದಿರಲಿಲ್ಲ.

ಡಿಸ್ಕ್ ಕೊಟ್ಟು ಕಳುಹಿಸಿದ ಮೇಲೆ ಯಜಮಾನರು ಒಳಗೆ ಇಣುಕಿದರು. "ಒಂದು ಪೆನ್‌ಡ್ರೈವಿಗೆ ಹಾಕಿ ಕೊಡುವುದಕ್ಕೆ ಬೆಳಗ್ಗಿನಿಂದ ಇಬ್ಬರು ಬೇಕಾಯಿತೇ?" ಎಂದು ಕೇಳಿದರು.

ಹುಡುಗ ಬಾಯಿ ತೆರೆಯಲು ಹೊರಟ. ನಾನು ಅವನ ಮುಂದೆ ಗೋಳಿಬಜೆಯ ತಟ್ಟೆ ಸರಿಸಿದೆ.